ಬೆಳಕು ತಾಗಿದ ಕ್ಷಣದಲ್ಲಿ ಪ್ರೋಟೀನು

ಕತ್ತಲೆಯ ಕೋಣೆಯಲ್ಲಿ ದೀಪ ಹೊತ್ತಿದೊಡನೆ ವಸ್ತುಗಳು ಕಣ್ಣಿಗೆ ಗೋಚರಿಸುತ್ತವೆ. ಈ ‘ಒಡನೆ’ ಎಂಬುದರೊಳಗೆ ನಡೆಯುವುದೇನು? ಮೊದಲ ಸ್ಥಿತಿಯೂ ಕಡೆಯ ಸ್ಥಿತಿಯೂ ತಿಳಿದಿದ್ದು, ನಡುವಿನ ಘಟನೆಗೆ ಸಾಕ್ಷಿಯೇ ಇಲ್ಲದಿದ್ದ ಈ ಪ್ರಶ್ನೆಗೆ ವಿಜ್ಞಾನಿಗಳು ಈಗ ಚಿತ್ರಸಹಿತ ಉತ್ತರವನ್ನು ಕಂಡುಕೊಳ್ಳುತ್ತಿದ್ದಾರೆ.

ಕಣ್ಣಿನ ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ ಪ್ರೋಟೀನಿದೆ. ಅದರ ಒಡಲಲ್ಲಿ ರೆಟಿನಲ್ ಎಂಬ ಚಿಕ್ಕ ಅಣು ಬಾಗಿದ ಭಂಗಿಯಲ್ಲಿ ಸೇರಿಕೊಂಡಿರುತ್ತದೆ. ಬೆಳಕು ತಾಗಿದಾಗ ಅದು ತಿರುಚಿಕೊಂಡು ನೆಟ್ಟಗಾಗುತ್ತದೆ. ಅದರ ಒತ್ತಡಕ್ಕೆ ಪ್ರೋಟೀನಿನ ಆಕಾರವೇ ಬದಲಾಗಿ, ನರಗಳ ಮೂಲಕ ಮೆದುಳಿಗೆ ಸಂದೇಶ ಹೊರಡುತ್ತದೆ. ರೆಟಿನಲ್ ಸಿದ್ಧವಾಗುವುದು ‘ಎ’ ಜೀವಸತ್ವದಿಂದ. ಅದರ ಕೊರತೆಯಾದ ಮಕ್ಕಳಿಗೆ ಇರುಳುಗುರುಡು ಬರುವುದು ಇದೇ ಕಾರಣಕ್ಕೆ. ನುಗ್ಗೆಸೊಪ್ಪು, ಪಪ್ಪಾಯಿಗಳನ್ನು ತಿನ್ನಬೇಕೆಂಬ ಹಿರಿಯರ ಮಾತಿನ ಹಿಂದೆ ಈ ಅಣುವಿದೆ. ದೃಷ್ಟಿಯಲ್ಲಿ ‘ಎ’ ಜೀವಸತ್ವದ ಪಾತ್ರವನ್ನು ತೋರಿಸಿಕೊಟ್ಟ ಅಮೆರಿಕದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲೊಬ್ಬರು.

ಈ ತಿರುಚುವಿಕೆಗೆ ಹಿಡಿಯುವ ಕಾಲ ಸುಮಾರು 200 ಫೆಮ್ಟೊಸೆಕೆಂಡು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಫೆಮ್ಟೊಸೆಕೆಂಡು. ಸುಮಾರು 3.2 ಕೋಟಿ ವರ್ಷಗಳಲ್ಲಿ ಒಂದು ಸೆಕೆಂಡು ಎಷ್ಟೋ, ಒಂದು ಸೆಕೆಂಡಿನಲ್ಲಿ ಫೆಮ್ಟೊಸೆಕೆಂಡು ಅಷ್ಟು.

ವೇಗದ ಚಲನೆಯನ್ನು ತುಣುಕು ತುಣುಕಾಗಿ ಸೆರೆಹಿಡಿಯುವ ಉಪಾಯ ಹಳೆಯದು. ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ವಾದವನ್ನು 1878ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲೆಲಂಡ್ ಸ್ಟ್ಯಾನ್‌ಫರ್ಡ್ ಅವರ ಕುದುರೆಗಳ ಮೇಲೆ ಪರೀಕ್ಷಿಸಲಾಯಿತು. ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳು ಹೌದೆಂದು ಸಾಧಿಸಿದವು. ಅದೇ ಸ್ಟ್ಯಾನ್‌ಫರ್ಡ್ ಹೆಸರಿನ ವಿಶ್ವವಿದ್ಯಾಲಯದ ನೆಲದಲ್ಲಿ 2009ರಿಂದ ಪ್ರಬಲ ಎಕ್ಸ್-ಕಿರಣ ಲೇಸರ್ ಕೆಲಸ ಮಾಡುತ್ತಿದೆ.

ಅದರ ವಿಧಾನ ಹೀಗಿದೆ: ಪ್ರೋಟೀನಿನ ಅತಿ ಸೂಕ್ಷ್ಮ ಹರಳುಗಳನ್ನು ಸಣ್ಣ ಧಾರೆಯಾಗಿ ಹರಿಯಬಿಡುತ್ತಾರೆ. ಮೊದಲು ಸಾಮಾನ್ಯ ಲೇಸರಿನ ಬೆಳಕಿನಿಂದ ಪ್ರೋಟೀನನ್ನು ಎಚ್ಚರಿಸಿ, ನಿಗದಿತ ಅಂತರದ ಬಳಿಕ ಎಕ್ಸ್-ಕಿರಣವನ್ನು ಹಾಯಿಸುತ್ತಾರೆ. ಕಿರಣದ ತೀವ್ರತೆಗೆ ಹರಳು ನಾಶವಾಗುತ್ತದೆ. ಆದರೆ ನಾಶವಾಗುವ ಮುನ್ನವೇ ಅದರ ರಚನೆಯ ಗುರುತು ದಾಖಲಾಗಿರುತ್ತದೆ. ಸಾವಿರಾರು ಹರಳುಗಳ ದಾಖಲೆಗಳು ಸೇರಿ ಒಂದು ಕ್ಷಣದ ಚಿತ್ರ. ಅಂತರವನ್ನು ಬದಲಿಸುತ್ತಾ ಹೋದರೆ ಚಲನಚಿತ್ರ.

ಇಂತಹ ಅಧ್ಯಯನದಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನು ಬಹಳ ನೆರವಾಗಿದೆ. ಬೆಳಕಿನ ಬಲದಿಂದ ಪ್ರೋಟಾನುಗಳನ್ನು ಕೋಶದ ಹೊರಕ್ಕೆ ತಳ್ಳುವುದು ಇದರ ಕಾಯಕ. ಜಪಾನಿನ ಸಾಕ್ಲಾ ಕೇಂದ್ರದಲ್ಲಿ ಪಡೆದು 2016ರಲ್ಲಿ ಪ್ರಕಟವಾದ 13 ಚಿತ್ರಗಳು, ಬೆಳಕು ತಾಗಿದ 16 ನ್ಯಾನೊಸೆಕೆಂಡಿನಿಂದ 1.725 ಮಿಲಿಸೆಕೆಂಡಿನವರೆಗಿನ ಬದಲಾವಣೆಗಳನ್ನು ತೋರಿಸಿದವು. ರೆಟಿನಲ್‌ನ ತಿರುವು, ಒಂದು ನೀರಿನ ಅಣುವಿನ ಸ್ಥಾನಪಲ್ಲಟ, ಪ್ರೋಟೀನಿನ ಸುರುಳಿಗಳ ಸರಿದಾಟ, ಹೀಗೆ ಒಂದರಿಂದೊಂದು ಹೊಮ್ಮಿ, ಹೊರಹೋದ ಪ್ರೋಟಾನು ಹಿಂದಿರುಗದಂತೆ ದಾರಿ ಕಟ್ಟಿಕೊಳ್ಳುವ ಬಗೆ ಅಲ್ಲಿ ಕಂಡಿತು. 2023ರಲ್ಲಿ ಕಣ್ಣಿನ ರೊಡಾಪ್ಸಿನ್ನಿನ ಸರದಿ. ಬೆಳಕು ತಾಗಿದ ಒಂದು ಪಿಕೊಸೆಕೆಂಡಿಗೆ, ಅಂದರೆ ಸಾವಿರ ಫೆಮ್ಟೊಸೆಕೆಂಡಿಗೆ, ಅದರ ರೆಟಿನಲ್ ಆಗಲೇ ತಿರುಚಿಕೊಂಡಿದ್ದ ಸ್ಥಿತಿಯನ್ನು ಸಂಶೋಧಕರು ದಾಖಲಿಸಿದರು.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಇಂದು ಬಳಕೆಯಲ್ಲಿರುವ ಔಷಧಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು, ರೊಡಾಪ್ಸಿನ್ನಿನ ಕುಟುಂಬಕ್ಕೆ ಸೇರಿದ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತವೆ. ಅಲ್ಲದೆ, ಅಕ್ಷಿಪಟಲದ ರೋಗದಿಂದ ದೃಷ್ಟಿ ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರ ಕಣ್ಣಿಗೆ ಪಾಚಿಮೂಲದ ಬೆಳಕುಗ್ರಾಹಿ ಪ್ರೋಟೀನಿನ ವಂಶವಾಹಿಯನ್ನು ಸೇರಿಸಿದಾಗ, ವಿಶೇಷ ಕನ್ನಡಕದ ನೆರವಿನಿಂದ ಅವರು ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿ ಮುಟ್ಟಬಲ್ಲವರಾದುದು 2021ರಲ್ಲಿ ವರದಿಯಾಯಿತು. ಮರಳಿದ್ದು ಪೂರ್ಣದೃಷ್ಟಿಯಲ್ಲ, ಅದರ ಒಂದಂಶ ಮಾತ್ರ. ಆ ಅಂಶವನ್ನು ಹೆಚ್ಚಿಸಬೇಕಾದರೆ ಪ್ರೋಟೀನು ಬೆಳಕಿಗೆ ಹೇಗೆ ಹೊರಳುತ್ತದೆಂಬುದು ಹೆಜ್ಜೆ ಹೆಜ್ಜೆಯಾಗಿ ತಿಳಿದಿರಬೇಕು.