ಗಂಡಸರು ಹೇಳದ ಕಾಯಿಲೆ: ಪ್ರಾಸ್ಟೇಟ್ ಕ್ಯಾನ್ಸರ್



ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಬಗ್ಗೆ ಸಂಘದ ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಅವರೂ ಹೇಳಲ್ಲ, ನಾವೂ ಕೇಳಲ್ಲ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ. ಇದರ ಕ್ಯಾನ್ಸರ್ ಹೆಚ್ಚಾಗಿ 60 ದಾಟಿದವರಿಗೆ ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಸುಮಾರು ಒಂಬತ್ತೂವರೆ. 2031ರ ಹೊತ್ತಿಗೆ ಹದಿನೈದು ಆಗಬಹುದೆಂಬ ಅಂದಾಜಿದೆ. ವಯಸ್ಸಾದವರು ಹೆಚ್ಚಿದಂತೆ ಈ ರೋಗಿಗಳೂ ಹೆಚ್ಚುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ನಡೆದು ಬಂದ ಕ್ಯಾನ್ಸರ್ ನೋಂದಣಿಯಲ್ಲೂ ಇದು ಏರುತ್ತಾ ಬಂದಿದೆ.

ಆದರೆ ರೋಗ ಬಂದವರೆಲ್ಲ ಅದರಿಂದಲೇ ಸಾಯುವುದಿಲ್ಲ. ಬಹಳ ಜನರಲ್ಲಿ ಇದು ನಿಧಾನವಾಗಿ ಬೆಳೆಯುತ್ತದೆ. ಕೆಲವರಿಗೆ ಆಪರೇಷನ್ ಕೂಡ ಬೇಡ, ಆಗಾಗ ತಪಾಸಣೆ ಸಾಕು. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 14 ಲಕ್ಷ ಹೊಸ ರೋಗಿಗಳು, 3.75 ಲಕ್ಷ ಸಾವು. ಅಂದರೆ ನಾಲ್ಕಕ್ಕೆ ಒಂದು. ಭಾರತದಲ್ಲಿ ಸುಮಾರು 34,500 ಹೊಸ ರೋಗಿಗಳು, 16,800 ಸಾವು, ಎರಡಕ್ಕೆ ಒಂದು! ಶ್ರೀಮಂತ ದೇಶಗಳಲ್ಲಿ ರಕ್ತಪರೀಕ್ಷೆಯಿಂದ ಸಣ್ಣಪುಟ್ಟ ಗಂಟುಗಳೂ ಲೆಕ್ಕಕ್ಕೆ ಸೇರುತ್ತವೆ ಎಂಬುದು ನಿಜ. ಆದರೂ ನಮ್ಮಲ್ಲಿ ರೋಗ ಮೂಳೆಗೆ ಹರಡಿದ ಮೇಲೆ ಆಸ್ಪತ್ರೆಗೆ ಬರುವವರೇ ಬಹಳ.

ಏಕೆ ತಡ? "ವಯಸ್ಸಾಯ್ತಲ್ಲ, ಹಾಗೇ ಇರುತ್ತೆ" ಅಂತ ಸುಮ್ಮನಿರುತ್ತಾರೆ. ರಾತ್ರಿ ನಾಲ್ಕೈದು ಸಲ ಏಳುವುದು, ಮೂತ್ರ ಹನಿಹನಿಯಾಗಿ ಹೋಗುವುದು, ತಡೆದು ನಿಲ್ಲುವುದು ಮೊದಲು ಗೊತ್ತಾಗುವುದು ಹೆಂಡತಿಗೆ, ಸೊಸೆಗೆ. ಇದೆಲ್ಲ ಬಹುಪಾಲು ಕ್ಯಾನ್ಸರ್ ಅಲ್ಲ, ಗ್ರಂಥಿ ಸುಮ್ಮನೆ ಊದಿರಬಹುದು; ಅದನ್ನು ಹೇಳಬೇಕಾದವರು ಡಾಕ್ಟರ್. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಪೂರ್ತಿ ಕಟ್ಟಿದರೆ, ಬಿಡದ ಸೊಂಟನೋವಿನ ಜೊತೆ ಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬರೀ ಎಣ್ಣೆ ಹಚ್ಚುತ್ತಾ ಕೂರಬೇಡಿ.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಇದೆ. ಅದರ ಅಂಕಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅಳಬೇಡಿ, ಸೋಂಕಿನಿಂದಲೂ ಏರುತ್ತದೆ. ಗ್ರಂಥಿಯ ಚೂರು ತೆಗೆದು ನೋಡಿದ ಮೇಲೇ ಖಚಿತ. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ 50ಕ್ಕೆ ಮುಂಚೆಯೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಖರ್ಚಿನ ಭಯವೇ? ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸಂಘದ ಸಾಲ ಎತ್ತುವ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಿ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೆಯಬೇಡಿ.