ನಾಯಿಯ ಕೆಮ್ಮಿಗೆ ಪ್ರಯೋಗಾಲಯದ ಉತ್ತರ

ಭಾಲ್ಕಿಯ ಓಣಿಯೊಂದರಲ್ಲಿ ಮೂರು ತಿಂಗಳ ನಾಯಿಮರಿ ಕೆಮ್ಮುತ್ತಿದೆ ಎಂದು ಭಾವಿಸೋಣ. ಕಣ್ಣಂಚಿನಲ್ಲಿ ಪಿಸುರು, ಮೂಗಿನಲ್ಲಿ ಗಟ್ಟಿ ಸಿಂಬಳ, ಮೈ ಬಿಸಿ. "ಥಂಡಿ ಆಗ್ಯಾದ, ನಾಕು ದಿನದಾಗ ಹೋಗ್ತದ" ಎಂದು ಮನೆಯ ಹಿರಿಯರು ಹೇಳುತ್ತಾರೆ. ಹಾಗೆ ಹೋಗಲೂಬಹುದು. ಆದರೆ ಇದೇ ಲಕ್ಷಣಗಳೊಂದಿಗೆ ಆರಂಭವಾಗಿ, ಮುಂದೆ ವಾಂತಿ, ಭೇದಿ, ಕೊನೆಗೆ ಸೆಳವಿನವರೆಗೂ ಹೋಗುವ ರೋಗವೊಂದಿದೆ. ಅದರ ಹೆಸರು ಡಿಸ್ಟೆಂಪರ್. ಈ ಎರಡರಲ್ಲಿ ಯಾವುದು ಎಂದು ಹೇಳುವುದು ಹೇಗೆ?

ಬರಿಗಣ್ಣಿನಿಂದ ಖಚಿತವಾಗಿ ಹೇಳಲಾಗದು. ನಾಯಿಗಳ ಕೆಮ್ಮಿಗೆ ಪ್ಯಾರಾಇನ್‌ಫ್ಲುಯೆಂಜಾ, ಅಡಿನೊವೈರಸ್, ಇನ್‌ಫ್ಲುಯೆಂಜಾ ವೈರಾಣುಗಳು ಕಾರಣವಾಗಬಹುದು. ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಕೂಡ ಕಾರಣವಾಗಬಹುದು. ಡಿಸ್ಟೆಂಪರ್ ಉಂಟುಮಾಡುವ ವೈರಾಣು ಇವುಗಳಿಗಿಂತ ಬೇರೆ. ಅದು ಮನುಷ್ಯರ ದಡಾರಕ್ಕೂ ದನಗಳ ದೊಡ್ಡರೋಗಕ್ಕೂ ಕಾರಣವಾದ ವೈರಾಣುಗಳ ದಾಯಾದಿ. ಕೆಮ್ಮು, ಸೀನುಗಳ ಹನಿಗಳ ಮೂಲಕ ಅದು ಒಂದು ನಾಯಿಯಿಂದ ಮತ್ತೊಂದಕ್ಕೆ ಹರಡುತ್ತದೆ. 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ಎಂಬ ವಿಜ್ಞಾನಿ, ರೋಗಿ ನಾಯಿಯ ಮೂಗಿನ ಸ್ರಾವವನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿದರೂ ಅದು ರೋಗ ಹರಡುತ್ತದೆಂದು ತೋರಿಸಿದರು.

ಇಂದು ಈ ವೈರಾಣುವನ್ನು ಹುಡುಕಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಪಿ.ಸಿ.ಆರ್. 2020ರ ಕೋವಿಡ್ ದಿನಗಳಲ್ಲಿ ಈ ಹೆಸರನ್ನು ನೀವು ಕೇಳಿಯೇ ಇದ್ದೀರಿ. ಕಣ್ಣು, ಮೂಗು, ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯಲ್ಲಿ ವೈರಾಣುವಿನ ಆರ್.ಎನ್.ಎ. ಇದ್ದರೆ ಅದನ್ನು ಮೊದಲು ಡಿ.ಎನ್.ಎ. ರೂಪಕ್ಕೆ ತರುತ್ತಾರೆ. ಆಮೇಲೆ ಅದರ ಒಂದು ತುಣುಕನ್ನು ಸುತ್ತು ಸುತ್ತಿಗೂ ಇಮ್ಮಡಿಗೊಳಿಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲವೂ ಸರಿಯಾಗಿ ನಡೆದರೆ 30 ಸುತ್ತುಗಳಲ್ಲಿ ನೂರು ಕೋಟಿಗೂ ಮಿಕ್ಕಿದ ಪ್ರತಿಗಳಾಗುತ್ತವೆ. ನಂಬಿಕೆಯಾಗದಿದ್ದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಎರಡನೆಯದು ಆಸ್ಪತ್ರೆಯಲ್ಲೇ ಕೆಲವು ನಿಮಿಷಗಳಲ್ಲಿ ಗೆರೆ ಮೂಡಿಸುವ ಪ್ರತಿಜನಕ ಪಟ್ಟಿ. ಇದು ವೈರಾಣುವಿನ ಪ್ರೋಟೀನನ್ನು ಗುರುತಿಸುತ್ತದೆ. ಬೇಗ ಉತ್ತರ ಕೊಡುತ್ತದೆ, ಆದರೆ ವೈರಾಣು ಕಡಿಮೆ ಇದ್ದರೆ ತಪ್ಪಿಸಿಕೊಳ್ಳಬಹುದು. ಮೂರನೆಯದು ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯುವುದು. ಇಲ್ಲಿ ಎಚ್ಚರ ಬೇಕು. ಪ್ರತಿಕಾಯ ರೋಗದಿಂದಲೂ ಬರುತ್ತದೆ, ಲಸಿಕೆಯಿಂದಲೂ ಬರುತ್ತದೆ, ಎಳೆಯ ಮರಿಗೆ ತಾಯಿಯಿಂದಲೂ ಬರುತ್ತದೆ. ಆದ್ದರಿಂದ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಪ್ರಮಾಣ ಏರಿದೆಯೇ ಎಂದು ನೋಡುವುದುಂಟು.

ಹಾಗಾದರೆ 'ವೈರಾಣು ಇಲ್ಲ' ಎಂಬ ವರದಿ ಬಂದರೆ ನಿಶ್ಚಿಂತೆಯಿಂದ ಇರಬಹುದೇ? ಇರಲಾಗದು. ಆ ವರದಿಯ ನಿಜವಾದ ಅರ್ಥ 'ಈ ಮಾದರಿಯಲ್ಲಿ ಸಿಗಲಿಲ್ಲ' ಎಂದಷ್ಟೇ. ರೋಗ ಮುಂದುವರಿದು ಮಿದುಳಿಗೆ ಇಳಿದ ಮೇಲೆ ಮೂಗಿನ ಸ್ರಾವದಲ್ಲಿ ವೈರಾಣು ಸಿಗದೆ ಹೋಗಬಹುದು. ಆಗ ಮೂತ್ರ ಅಥವಾ ಮಿದುಳುಬಳ್ಳಿಯ ದ್ರವವನ್ನು ನೋಡಬೇಕಾಗುತ್ತದೆ. 'ಇದೆ' ಎಂಬ ವರದಿಯನ್ನೂ ಪ್ರಶ್ನಿಸಬೇಕು. ಕೆಲವೇ ದಿನಗಳ ಹಿಂದೆ ಲಸಿಕೆ ಹಾಕಿಸಿದ್ದರೆ, ಸಿಕ್ಕಿದ್ದು ಲಸಿಕೆಯಲ್ಲಿದ್ದ ದುರ್ಬಲ ವೈರಾಣುವೂ ಆಗಿರಬಹುದು.

ಇನ್ನು ಮಾದರಿಯ ಪ್ರಯಾಣ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ ನಗರದ ನಂದಿನಗರದಲ್ಲಿದೆ. ಅಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಬೇಸಿಗೆಯ ಬಸ್ಸಿನಲ್ಲಿ ಹತ್ತಿಕಡ್ಡಿಯನ್ನು ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರೆ, ಸುಲಭವಾಗಿ ಒಡೆಯುವ ಆರ್.ಎನ್.ಎ. ದಾರಿಯಲ್ಲೇ ಹಾಳಾಗುತ್ತದೆ. ಯಂತ್ರ ಎಷ್ಟೇ ಉತ್ತಮವಾಗಿರಲಿ, ಆಗ 'ಇಲ್ಲ' ಎಂದೇ ಹೇಳೀತು. ಮಾದರಿ ಸರಿಯಾದ ದ್ರವದಲ್ಲಿ, ಹಿಮದ ಪೆಟ್ಟಿಗೆಯಲ್ಲಿ, ದಿನಾಂಕದ ಚೀಟಿಯೊಂದಿಗೆ ಬರಬೇಕು. ಪರೀಕ್ಷೆ ಶುರುವಾಗುವುದು ಯಂತ್ರದ ಮುಂದಲ್ಲ, ನಾಯಿಯ ಮುಂದೆ.

ಡಿಸ್ಟೆಂಪರ್ ಮನುಷ್ಯರಿಗೆ ರೋಗ ತರುವುದಿಲ್ಲ. ಹಾಗೆಂದು ನೀವೇ ಕಡ್ಡಿ ಹಿಡಿದು ನಾಯಿಯ ಬಾಯಿಗೆ ಕೈ ಹಾಕಬೇಡಿ. ಸೆಳವು, ಜೊಲ್ಲು, ತೂರಾಟ ಹುಚ್ಚುನಾಯಿ ರೋಗದಲ್ಲೂ ಕಾಣುತ್ತವೆ, ಮತ್ತು ಅದು ಮನುಷ್ಯರಿಗೆ ಪ್ರಾಣಾಂತಿಕ. ಮಾದರಿ ತೆಗೆಯುವುದು ಪಶುವೈದ್ಯರ ಕೆಲಸ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಡಿಸ್ಟೆಂಪರ್ ವೈರಾಣುವನ್ನು ನೇರವಾಗಿ ಕೊಲ್ಲುವ ಖಚಿತ ಔಷಧಿ ಇಲ್ಲವೆಂದ ಮೇಲೆ ಪರೀಕ್ಷೆಯಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಪ್ರಯೋಜನ ಉಳಿದ ನಾಯಿಗಳಿಗೆ. 2018ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಕೆಲವಕ್ಕೆ ಇದೇ ವೈರಾಣು ತಗಲಿತ್ತೆಂದು ಪ್ರಯೋಗಾಲಯ ಪರೀಕ್ಷೆಗಳು ತೋರಿಸಿದವು. ಆಗ ಆ ಭಾಗದ ಸಿಂಹಗಳನ್ನು ಪ್ರತ್ಯೇಕವಾಗಿಟ್ಟು ಲಸಿಕೆ ಹಾಕಲಾಯಿತು. ನಮ್ಮ ಓಣಿಗೂ, ಔರಾದಿನ ಕುರಿಗಾಹಿಯ ಕಾವಲು ನಾಯಿಗಳಿಗೂ ಇದೇ ಪಾಠ ಅನ್ವಯಿಸುತ್ತದೆ. ರೋಗಿಯನ್ನು ಬೇರೆ ಕಟ್ಟುವುದು, ಅದರ ತಟ್ಟೆ ಬೇರೆ ಇಡುವುದು, ಉಳಿದ ಮರಿಗಳಿಗೆ ಲಸಿಕೆ ಹಾಕಿಸುವುದು. ಮರಿಗೆ ಆರರಿಂದ ಎಂಟು ವಾರವಾದಾಗ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಮುಂದುವರಿಸುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯ ಮೊದಲ ಲಸಿಕೆಗೆ ಅಡ್ಡಿ ಮಾಡಬಹುದಾದ್ದರಿಂದ ಒಂದೇ ಸಲ ಹಾಕಿಸಿದರೆ ಸಾಲದು.

ನಿಮ್ಮ ಓಣಿಯಲ್ಲಿ ನಾಯಿಯೊಂದು ಕೆಮ್ಮಿದರೆ, ದೂರ ನಿಂತು ಮೂರು ಸಂಗತಿ ಬರೆದುಕೊಳ್ಳಿ: ಕೆಮ್ಮು ಕಂಡ ಮೊದಲ ದಿನ, ಕೊನೆಯ ಲಸಿಕೆಯ ದಿನ, ಅದರ ಜೊತೆಗಿದ್ದ ನಾಯಿಗಳು ಎಷ್ಟು. ಆ ಚೀಟಿಯನ್ನು ಪಶುವೈದ್ಯರ ಕೈಗೆ ಕೊಡಿ. ಯಾವ ಮಾದರಿ ತೆಗೆಯಬೇಕು, ಬಂದ ವರದಿಯನ್ನು ಎಷ್ಟು ನಂಬಬೇಕು ಎಂದು ನಿರ್ಧರಿಸಲು ಅವರಿಗೆ ಬೇಕಾದದ್ದು ಆ ಚೀಟಿಯಲ್ಲಿದೆ.