ಕೊಡೈಕಾನಲ್ ಇಬ್ಬನಿಯಿಂದ ಧ್ರುವದ ಹಿಮದವರೆಗೆ

ಧ್ರುವಪ್ರದೇಶದ ಪರ್ವತಗಳಲ್ಲಿ ಹಿಮವೂ ಗಾಳಿಯೂ ರೂಪಿಸುವ ಭೂಸ್ವರೂಪಗಳನ್ನು ತೇನಿ, ಕಂಬಂ, ದಿಂಡುಗಲ್ ಭಾಗದ ಮಕ್ಕಳು ಕಂಡಿರುವುದಿಲ್ಲ. ಆದರೆ ಆ ಎರಡು ಬಾಹ್ಯ ಶಕ್ತಿಗಳು ಅವರಿಗೆ ಅಪರಿಚಿತವಲ್ಲ. ಸುಮಾರು 2,100 ಮೀಟರ್ ಎತ್ತರದ ಕೊಡೈಕಾನಲ್‌ನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಹುಲ್ಲಿನ ಮೇಲೆ ಬಿಳಿಯ ಹಿಮಕಣಗಳು ಕಟ್ಟುತ್ತವೆ; ತಮಿಳಿನಲ್ಲಿ ಇದನ್ನು ‘ಉರೈಪನಿ’ ಎನ್ನುವರು. ನೈಋತ್ಯ ಮಾನ್ಸೂನ್ ಕಾಲದಲ್ಲಿ ಕಂಬಂ ಕಣಿವೆಯ ಮೂಲಕ ನುಗ್ಗುವ ಗಾಳಿ ತೇನಿ ಜಿಲ್ಲೆಯ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಬೇಸಿಗೆಯ ಬಿಸಿಲಿಗೆ ಕರಗಿದ ನೀರು ಬಂಡೆಯ ಬಿರುಕಿಗಿಳಿದು, ಮತ್ತೆ ಹೆಪ್ಪುಗಟ್ಟಿ, ಬಿರುಕನ್ನು ಅಗಲಿಸುತ್ತದೆ. ಇದು ಅಸಂಖ್ಯ ಬಾರಿ ಮರುಕಳಿಸಿದಾಗ ಬಂಡೆ ಚೂಪಾದ ಚೂರುಗಳಾಗಿ ಒಡೆದು, ಬೆಟ್ಟದ ಬುಡದಲ್ಲಿ ಇಳಿಜಾರಾದ ಕಲ್ಲುರಾಶಿಯಾಗುತ್ತದೆ. ಅಲ್ಲಿನ ಮೆಕ್‌ಮರ್ಡೋ ಒಣ ಕಣಿವೆಗಳಲ್ಲಿ ನೆಲವನ್ನು ಹಿಡಿದಿಡುವ ಗಿಡಮರಗಳಿಲ್ಲ. ಹಿಮದ ಹಾಸಿನ ಮೇಲಿಂದ ಇಳಿದುಬರುವ ಬಿರುಗಾಳಿ ಮರಳನ್ನು ಹೊತ್ತು ಕಲ್ಲುಗಳನ್ನು ಉಜ್ಜುತ್ತದೆ. ಅವುಗಳಿಗೆ ನಯವಾದ ಮುಖಗಳೂ ಹರಿತವಾದ ಅಂಚುಗಳೂ ಮೂಡುತ್ತವೆ.

ಹಾಗಾದರೆ ಕೊಡೈಕಾನಲ್‌ನಲ್ಲಿ ಸುಮಾರು 122 ಮೀಟರ್ ಎತ್ತರಕ್ಕೆ ನಿಂತಿರುವ ‘ತೂಣ್ ಪಾರೈ’ ಕಂಬಗಳನ್ನೂ ಹಿಮವೇ ಕಡೆಯಿತೇ ಎಂದು ಮಕ್ಕಳು ಕೇಳುವುದು ಸಹಜ. ಉತ್ತರ: ಇಲ್ಲ. ಇಲ್ಲಿನ ಹಿಮಕಣಗಳು ಬಿಸಿಲೇರಿದೊಡನೆ ಕರಗುತ್ತವೆ. ಬಂಡೆಯನ್ನು ಸೀಳುವಷ್ಟು ಚಳಿ ಆಳಕ್ಕಿಳಿಯುವುದಿಲ್ಲ. ಆ ಬಂಡೆಯಲ್ಲಿರುವ ಲಂಬವಾದ ಸೀಳುಗಳೊಳಗೆ ಮಳೆನೀರು ಇಳಿದು, ದೀರ್ಘಕಾಲ ಖನಿಜಗಳನ್ನು ಶಿಥಿಲಗೊಳಿಸಿದೆ. ಸಡಿಲವಾದುದು ಕಳಚಿಬಿದ್ದು, ಗಟ್ಟಿಯಾದುದು ಕಂಬವಾಗಿ ಉಳಿದಿದೆ. ಅಂತೆಯೇ ಕಂಬಂ ಕಣಿವೆಯ ಗಾಳಿ ಪ್ರಬಲವಾದರೂ ಅಲ್ಲಿನ ಗದ್ದೆ, ದ್ರಾಕ್ಷಿತೋಟ, ತೇವದ ಮಣ್ಣು ಮರಳನ್ನು ಮೇಲೇಳಗೊಡುವುದಿಲ್ಲ. ಮರಳಿಲ್ಲದ ಗಾಳಿ ಕಲ್ಲನ್ನು ಕಡೆಯಲಾರದು.

ಇದನ್ನು ಎರಡು ಸರಳ ಪ್ರಯೋಗಗಳಿಂದ ಮನಗಾಣಿಸಬಹುದು. ಪ್ಲಾಸ್ಟಿಕ್ ಬಾಟಲಿಯಲ್ಲಿ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು, ಫ್ರಿಜ್‌ನ ಮಂಜುಗಡ್ಡೆ ಕಟ್ಟುವ ಭಾಗದಲ್ಲಿ ಒಂದು ರಾತ್ರಿ ಇಡಬೇಕು. ಬೆಳಗ್ಗೆ ಬಾಟಲಿ ಉಬ್ಬಿರುತ್ತದೆ. ಗಾಜಿನ ಬಾಟಲಿ ಒಡೆಯುವುದರಿಂದ ಅದನ್ನು ಬಳಸಬಾರದು. ಎರಡನೆಯದಾಗಿ, ಒಂದು ತಟ್ಟೆಯಲ್ಲಿ ಒಣ ಮರಳು, ಇನ್ನೊಂದರಲ್ಲಿ ಒದ್ದೆ ಮರಳು ಇಟ್ಟು ರಟ್ಟಿನಿಂದ ಬೀಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮೌಲ್ಯಮಾಪನದಲ್ಲಿ ‘ಹಿಮದ ಕಾರ್ಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಕಾಗುತ್ತದೆ. ‘ಆ ಕಾರ್ಯ ನಮ್ಮ ಬೆಟ್ಟದಲ್ಲಿ ಏಕೆ ನಡೆಯುವುದಿಲ್ಲ?’ ಎಂದು ಕೇಳಿದರೆ ವಿದ್ಯಾರ್ಥಿ ಕಾರಣವನ್ನು ಯೋಚಿಸಲೇಬೇಕಾಗುತ್ತದೆ.